ಇಲ್ಲಿಯೂ ಅದೇ ಯೋಚನೆಯೇ? ವ್ರತದಲ್ಲಿರುವ ಸ್ವಾಮಿಗಳಿಗೆ ದಕ್ಷಿಣೇಶ್ವರದ ಒಂದು ಪಾಠ

ಸ್ವಾಮಿಯೇ ಶರಣಂ ಅಯ್ಯಪ್ಪ.



ಮಂಡಲ ಕಾಲ ಬಂತೆಂದರೆ ನಮ್ಮ ದಿನಚರಿಯೇ ಬದಲಾಗುತ್ತದೆ. ಬೆಳಗಿನ ಜಾವ ತಣ್ಣೀರು ಸ್ನಾನ, ಕಪ್ಪು ಪಂಚೆ, ಹಣೆಗೆ ವಿಭೂತಿ ಗಂಧ, ಎರಡು ಹೊತ್ತು ಪೂಜೆ, ಶರಣುಘೋಷ, ರಾತ್ರಿ ಚಾಪೆಯ ಮೇಲೆ ನಿದ್ದೆ. 41 ದಿನ ಹೀಗೆ. ಇದೆಲ್ಲ ಶರೀರ ಮಾಡುವ ವ್ರತ. ಮೊದಲ ವಾರ ಕಷ್ಟವೆನಿಸುತ್ತದೆ, ಆಮೇಲೆ ಮೈಗೆ ರೂಢಿಯಾಗುತ್ತದೆ. ಆದರೆ ಮನಸ್ಸು ಮಾಡಬೇಕಾದ ವ್ರತ ಇನ್ನೊಂದಿದೆ. ಅದು "ನಾನು" ಎಂಬುದನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುವ ವ್ರತ. ಮಾಲೆ ಹಾಕುವಾಗ ಗುರುಸ್ವಾಮಿಗಳು ಕೊರಳಿಗೆ ತುಳಸಿ ಅಥವಾ ರುದ್ರಾಕ್ಷಿ ಹಾಕಿಬಿಡಬಹುದು. ಈ ಎರಡನೆಯ ವ್ರತವನ್ನು ಮಾತ್ರ ನಮ್ಮ ಪರವಾಗಿ ಬೇರೆ ಯಾರೂ ಮಾಡಲಾರರು.

ವಿಚಿತ್ರವೆಂದರೆ, ಅಹಂಕಾರ ಬಿಡಲೆಂದು ಹಿಡಿದ ವ್ರತದೊಳಕ್ಕೇ ಅಹಂಕಾರ ಬಂದು ಕೂರುತ್ತದೆ. "ನಂದು ಇದು ಹನ್ನೆರಡನೇ ವರ್ಷ, ನಿಂದು ಎಷ್ಟನೇದು?" ಎಂದು ಕೇಳುವಾಗ ದನಿಯಲ್ಲಿ ಒಂದು ಗತ್ತು ಇರುತ್ತದೆ. "ನಾವು ಎರುಮೇಲಿಯಿಂದ ದೊಡ್ಡ ದಾರಿಯಲ್ಲಿ ನಡೆದು ಹೋಗೋರು, ನೀವು ಪಂಪೆವರೆಗೂ ಗಾಡಿಯಲ್ಲಿ ಹೋಗ್ತೀರಲ್ವಾ?" ಎನ್ನುವಾಗ ಕರಿಮಲೆಗಿಂತ ಎತ್ತರವಾದದ್ದು ನಮ್ಮ ತಲೆಯೊಳಗೆ ಎದ್ದು ನಿಂತಿರುತ್ತದೆ. ಇನ್ನು ಮನೆಯಲ್ಲಿ ನಡೆಯುವುದನ್ನು ನೋಡಿ. ಅಮ್ಮ ಬೆಳಗ್ಗೆ ನಾಲ್ಕಕ್ಕೆ ಎದ್ದು, ಸ್ನಾನ ಮಾಡಿ, ನಮಗೆಂದು ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿರುತ್ತಾಳೆ. ಒಂದು ದಿನ ಹತ್ತು ನಿಮಿಷ ತಡವಾದರೆ, "ಮಾಲೆ ಹಾಕಿದೀನಿ, ಗೊತ್ತಿಲ್ವಾ?" ಎಂದು ಗದರಿಬಿಡುತ್ತೇವೆ. ಆ ಮಾತು ಯಾರು ಆಡಿದ್ದು? ಕೊರಳಲ್ಲಿರುವ ಮಾಲೆಯಂತೂ ಅಲ್ಲ.

ಹಾಗಾದರೆ ಈ "ನಾನು" ಎಲ್ಲಿಂದ ನುಗ್ಗುತ್ತದೆ? ಅದು ಬಂದಾಗ ಏನು ಮಾಡಬೇಕು? ಇದಕ್ಕೆ ಉತ್ತರ ಹುಡುಕಲು ಇಂದು ಪಂಪೆಯ ದಡದಿಂದ ಸ್ವಲ್ಪ ದೂರ, ಗಂಗೆಯ ದಡಕ್ಕೆ ಹೋಗೋಣ. ಓದು, ಕೆಲಸ ಎಂದು ಊರು ಬಿಟ್ಟು ಕೋಲ್ಕತ್ತದಲ್ಲಿ ಇರುವ ಕನ್ನಡದ ಹುಡುಗರೂ ಇದ್ದಾರೆ. ಅವರಿಗಂತೂ ಈ ಜಾಗ ಮೆಟ್ರೊ ರೈಲಿನ ಕೊನೆಯ ನಿಲ್ದಾಣದಲ್ಲೇ ಇದೆ. ಅದು ದಕ್ಷಿಣೇಶ್ವರ.

ಕಾಳಿಯ ದಾಸಿ ಎಂಬ ಮುದ್ರೆ

ದಕ್ಷಿಣೇಶ್ವರದ ಕಾಳಿ ದೇವಾಲಯ ಪ್ರತಿಷ್ಠೆಯಾದದ್ದು 1855ರ ಮೇ 31ರಂದು. ಒಂಬತ್ತು ಶಿಖರಗಳ ದೊಡ್ಡ ಗುಡಿ, ಎದುರಿಗೆ ಗಂಗೆಯ ಕಡೆಗೆ ಸಾಲಾಗಿ 12 ಶಿವಾಲಯಗಳು, ಪಕ್ಕದಲ್ಲಿ ರಾಧಾಕಾಂತನ ಗುಡಿ. ಕಟ್ಟಿಸಿದವರು ಕೋಲ್ಕತ್ತದ ಜಾನ್‌ಬಜಾರಿನ ರಾಣಿ ರಾಸಮಣಿ. ಅರಸು ಮನೆತನದ ರಾಣಿಯಲ್ಲ ಆಕೆ. ಬಡ ಕುಟುಂಬದಲ್ಲಿ ಹುಟ್ಟಿ, ಶ್ರೀಮಂತ ಜಮೀನುದಾರರ ಮನೆ ಸೇರಿ, ಗಂಡ ತೀರಿಕೊಂಡ ಮೇಲೆ ಇಡೀ ಆಸ್ತಿಯ ಆಡಳಿತವನ್ನು ತಾನೇ ಹೊತ್ತು ನಡೆಸಿದ ಹೆಂಗಸು. ಜನ ಪ್ರೀತಿಯಿಂದ ರಾಣಿ ಎಂದು ಕರೆದರು.

ಧೈರ್ಯ ಎಂಥದ್ದು ಎನ್ನುತ್ತೀರಿ! ಕಂಪನಿ ಸರ್ಕಾರ ಹೂಗ್ಲಿ ನದಿಯಲ್ಲಿ ಮೀನು ಹಿಡಿಯುವ ಬೆಸ್ತರ ಮೇಲೆ ಸುಂಕ ಹಾಕಿತು. ಬಡ ಬೆಸ್ತರು ರಾಣಿಯ ಬಳಿಗೆ ಬಂದು ಅತ್ತರು. ಆಕೆ ಹಣ ಕಟ್ಟಿ ನದಿಯ ಒಂದು ಭಾಗವನ್ನು ಸರ್ಕಾರದಿಂದಲೇ ಗುತ್ತಿಗೆಗೆ ಪಡೆದು, ಅಡ್ಡಲಾಗಿ ಸರಪಳಿ ಹಾಕಿಸಿಬಿಟ್ಟಳು. ಹಡಗುಗಳು ನಿಂತವು. ಇದೇನೆಂದು ಕೇಳಿದರೆ, ಹಡಗು ಓಡಾಡಿದರೆ ನನ್ನ ಗುತ್ತಿಗೆಯ ಜಾಗದಲ್ಲಿ ಮೀನು ಓಡಿಹೋಗುತ್ತದೆ ಎಂದಳಂತೆ. ಕೊನೆಗೆ ಸರ್ಕಾರವೇ ಬೆಸ್ತರ ಸುಂಕವನ್ನು ಬಿಡಬೇಕಾಯಿತು. ಬ್ರಿಟಿಷರನ್ನೇ ಬಗ್ಗಿಸಿದ ರಾಣಿ ಈಕೆ.

ಇಷ್ಟೆಲ್ಲ ಅಧಿಕಾರವಿದ್ದರೂ ಭಕ್ತಿಗೆ ಕೊರತೆಯಿರಲಿಲ್ಲ. ಆಕೆಯ ಜಮೀನುದಾರಿ ಕಾಗದಗಳಿಗೆ ಒತ್ತುವ ಮುದ್ರೆಯಲ್ಲೂ ಕಾಳಿಯ ಪಾದವನ್ನು ಬಯಸುವ ದಾಸಿ ರಾಸಮಣಿ ಎಂಬ ಅರ್ಥದ ಮಾತಿತ್ತು. ನಾವು ಕೊರಳಲ್ಲಿ ಮಾಲೆ ಹಾಕಿಕೊಂಡ ಹಾಗೆ, ಆಕೆ ತನ್ನ ಮುದ್ರೆಯಲ್ಲೇ ದೇವಿಯ ದಾಸಿ ಎಂದು ಬರೆಸಿಕೊಂಡಿದ್ದಳು.

ಗುಡಿ ಕಟ್ಟಿಸಿದ್ದೇನೋ ಆಯಿತು. ಆದರೆ ರಾಣಿಯ ಜಾತಿ ಕೆಳಗಿನದು ಎಂದು ಹೇಳಿ, ಅಲ್ಲಿ ದೇವಿಗೆ ಅನ್ನದ ನೈವೇದ್ಯ ಮಾಡಲು ಆ ಕಾಲದ ಪಂಡಿತರು ಒಪ್ಪಲಿಲ್ಲ. ಆಗ ರಾಮಕುಮಾರ ಚಟ್ಟೋಪಾಧ್ಯಾಯರು ಒಂದು ದಾರಿ ಹೇಳಿದರು. ಪ್ರತಿಷ್ಠೆಗೆ ಮೊದಲು ಗುಡಿಯನ್ನು ಒಬ್ಬ ಬ್ರಾಹ್ಮಣರಿಗೆ ದಾನವಾಗಿ ಕೊಟ್ಟುಬಿಡಿ ಎಂದರು. ಆಕೆ ತನ್ನ ಗುರುವಿನ ಹೆಸರಿಗೆ ಬಿಟ್ಟುಕೊಟ್ಟಳು. ಅಷ್ಟು ಹಣ, ಅಷ್ಟು ವರ್ಷದ ಶ್ರಮ, ಕೊನೆಗೆ "ನನ್ನದು" ಎನ್ನುವ ಹಾಗಿಲ್ಲ. ಆ ಕಟ್ಟುಪಾಡು ನ್ಯಾಯವಾಗಿರಲಿಲ್ಲ. ಆದರೂ ದೇವಿಗೆ ನೈವೇದ್ಯ ಸಲ್ಲಬೇಕು ಎಂಬುದೊಂದೇ ಆಕೆಗೆ ಮುಖ್ಯವಾಯಿತು.

ರಾಮಕುಮಾರರೇ ಅಲ್ಲಿ ಮೊದಲ ಪೂಜಾರಿ. ಅವರ ಜೊತೆಗೆ ಬಂದ ತಮ್ಮನ ಹೆಸರು ಗದಾಧರ. ಅಣ್ಣ ತೀರಿಕೊಂಡ ಮೇಲೆ ಪೂಜೆ ತಮ್ಮನ ಪಾಲಿಗೆ ಬಂತು. ಅವರೇ ಮುಂದೆ ಶ್ರೀರಾಮಕೃಷ್ಣ ಪರಮಹಂಸರು. ಆಗ ಇಪ್ಪತ್ತರ ಹುಡುಗ. ಜನ ಅವರನ್ನು ಅರೆಹುಚ್ಚ ಎಂದೂ ಹೇಳುತ್ತಿದ್ದರು.

ಆ ಏಟು

ಒಂದು ದಿನ ರಾಣಿ ದಕ್ಷಿಣೇಶ್ವರಕ್ಕೆ ಬಂದಳು. ಗಂಗೆಯಲ್ಲಿ ಸ್ನಾನ ಮಾಡಿದಳು. ಗುಡಿಯೊಳಗೆ ಬಂದು ದೇವಿಯ ಮುಂದೆ ಜಪಕ್ಕೆ ಕುಳಿತಳು. ಈ ಚಿಕ್ಕ ಪೂಜಾರಿಯ ಹಾಡೆಂದರೆ ಆಕೆಗೆ ಬಹಳ ಇಷ್ಟ. ದೇವಿಯ ಮೇಲೆ ಹಾಡಿ ಎಂದು ಕೇಳಿದಳು. ಅವರು ಹಾಡತೊಡಗಿದರು.

ಹಾಡು ನಡೆಯುತ್ತಿರುವಾಗ ರಾಣಿಯ ಮನಸ್ಸು ಜಾರಿತು. ನ್ಯಾಯಾಲಯದಲ್ಲಿ ಆಕೆಯದೊಂದು ಮೊಕದ್ದಮೆ ನಡೆಯುತ್ತಿತ್ತು. ಅದು ಏನಾಗುವುದೋ ಎಂಬ ಯೋಚನೆ ಬಂತು. ಮೈ ಗರ್ಭಗುಡಿಯ ಮುಂದೆ, ಮನಸ್ಸು ಕೋರ್ಟಿನಲ್ಲಿ.

ಹಾಡುತ್ತಿದ್ದ ಪೂಜಾರಿ ಹಾಡು ನಿಲ್ಲಿಸಿದರು. ಇಲ್ಲಿಯೂ ಅದೇ ಯೋಚನೆಯೇ ಎಂದು ಗದರಿ, ಅಂಗೈಯಿಂದ ರಾಣಿಗೆ ಒಂದು ಏಟು ಕೊಟ್ಟರು.

ಯೋಚಿಸಿ ಸ್ವಾಮಿಗಳೇ. ಗುಡಿ ಕಟ್ಟಿಸಿದವಳು ಆಕೆ. ಪೂಜಾರಿಗೆ ಸಂಬಳ ಕೊಡುವವಳು ಆಕೆ. ವಯಸ್ಸು ಅರವತ್ತು ದಾಟಿದೆ. ಹೊಡೆದವನು ನಿನ್ನೆ ಮೊನ್ನೆ ಹಳ್ಳಿಯಿಂದ ಬಂದ ಹುಡುಗ. ಪರಿಚಾರಿಕೆಯರು ಕೂಗಾಡಿದರು, ಕಾವಲಿನವರು, ಗುಡಿಯ ನೌಕರರು ಪೂಜಾರಿಯನ್ನು ಹಿಡಿಯಲು ಓಡಿ ಬಂದರು. ಆ ಕ್ಷಣ ಆಕೆ ಒಂದು ಸನ್ನೆ ಮಾಡಿದ್ದರೆ ಸಾಕಿತ್ತು.

ಆದರೆ ರಾಣಿ ಸುಮ್ಮನೆ ತನ್ನೊಳಗೆ ನೋಡಿಕೊಂಡಳು. ನಾನು ನಿಜವಾಗಿ ಏನು ಯೋಚಿಸುತ್ತಿದ್ದೆ? ಮೊಕದ್ದಮೆಯನ್ನು. ಹಾಗಾದರೆ ಈ ಹುಡುಗ ಹೇಳಿದ್ದು ಸತ್ಯ. ಪೂಜಾರಿಯ ತಪ್ಪಿಲ್ಲ, ಅವರನ್ನು ಯಾರೂ ಏನೂ ಮಾಡಬೇಡಿ ಎಂದು ಹೇಳಿ ಎಲ್ಲರನ್ನೂ ಸುಮ್ಮನಾಗಿಸಿದಳು. ದೇವಿಯೇ ನನ್ನನ್ನು ತಿದ್ದಿದಳು ಎಂದು ತಿಳಿದಳು.

ಅಹಂಕಾರ ಕೂರುವ ಜಾಗ

ಈ ಘಟನೆಯಲ್ಲಿ ನಮಗೆ ಎರಡು ಪಾಠಗಳಿವೆ. ಮೊದಲನೆಯದು, ಅಹಂಕಾರ ಎಲ್ಲಿ ಕೂರುತ್ತದೆ ಎಂಬುದು.

ಮೊಕದ್ದಮೆ ಎಂದರೇನು? ನನ್ನ ಆಸ್ತಿ, ನನಗೆ ಆದ ಅನ್ಯಾಯ, ನಾನು ಗೆಲ್ಲಬೇಕು, ಅವನು ಸೋಲಬೇಕು. ಒಂದೊಂದು ಮಾತಿನಲ್ಲೂ "ನಾನು" ಇದೆ. ಅದೆಲ್ಲ ನಿನ್ನೆ ನಡೆದದ್ದು ಅಥವಾ ನಾಳೆ ನಡೆಯಬೇಕಾದದ್ದು. ಹಾಡು ಮಾತ್ರ ಈಗ ನಡೆಯುತ್ತಿದೆ. ಹಾಡಿನಲ್ಲಿ ಮುಳುಗಿದವನಿಗೆ ಆ ಹೊತ್ತು "ನಾನು" ಎಂಬುದರ ನೆನಪೇ ಇರುವುದಿಲ್ಲ. ಇದು ನಿಮಗೂ ಗೊತ್ತು. ಭಜನೆಯಲ್ಲಿ ಡೋಲಕ್ ಜೋರಾಗಿ, ಎಲ್ಲರ ದನಿ ಒಂದಾಗಿ, ಕೈ ತಾನೇ ತಾನಾಗಿ ತಾಳ ಹಾಕುವಾಗ, ನೀವು ಯಾವ ಕಂಪನಿಯಲ್ಲಿದ್ದೀರಿ, ಸಂಬಳ ಎಷ್ಟು, ಯಾರು ನಿಮ್ಮನ್ನು ಅವಮಾನ ಮಾಡಿದರು, ಯಾವುದೂ ನೆನಪಿಗೆ ಬರುವುದಿಲ್ಲ. ಭಜನೆ ಮುಗಿದು ಫೋನ್ ಕೈಗೆ ಬಂದ ತಕ್ಷಣ ಎಲ್ಲ ಒಟ್ಟಿಗೆ ವಾಪಸ್ ಬರುತ್ತದೆ.

ಅಂದರೆ ಅಹಂಕಾರಕ್ಕೆ ನಿನ್ನೆ ಬೇಕು, ನಾಳೆ ಬೇಕು. ಈ ಕ್ಷಣದಲ್ಲಿ ಅದಕ್ಕೆ ಕೂರಲು ಮಣೆಯಿಲ್ಲ. ಅದಕ್ಕೇ ಅದು ಮನಸ್ಸನ್ನು ಇಲ್ಲಿ ನಿಲ್ಲಲು ಬಿಡುವುದಿಲ್ಲ. ಊರಿನ ಜಮೀನು ಪಾಲು, ದಾಯಾದಿಗಳ ಜಗಳ, ಆಫೀಸಿನ ಅಪ್ರೈಸಲ್, ಸ್ನೇಹಿತ ಹಾಕಿದ ಸ್ಟೇಟಸ್, ಹೀಗೆ ಯಾವುದಾದರೂ ಒಂದು ಮೊಕದ್ದಮೆಯನ್ನು ಎಳೆದು ತರುತ್ತದೆ. ನಮ್ಮೆಲ್ಲರ ತಲೆಯೊಳಗೂ ಒಂದು ಕೋರ್ಟಿದೆ. ಅಲ್ಲಿ ವಕೀಲರೂ ನಾವೇ, ನ್ಯಾಯಾಧೀಶರೂ ನಾವೇ. ತೀರ್ಪು ಯಾವಾಗಲೂ ನಮ್ಮ ಕಡೆಗೇ.

ಈ ಕ್ಷಣದಲ್ಲಿ ಇರುವುದು ಹೇಗೆ ಎಂದು ಇಂದು ಆ್ಯಪ್‌ಗೆ ದುಡ್ಡು ಕಟ್ಟಿ ಕಲಿಯುವವರಿದ್ದಾರೆ. ಕಲಿಯಲಿ, ತಪ್ಪಿಲ್ಲ. ಆದರೆ ನಮ್ಮ ಹಿರಿಯರು ಅದನ್ನೇ ಶರಣುಘೋಷವಾಗಿ ನಮ್ಮ ಬಾಯಿಗೆ ಕೊಟ್ಟಿದ್ದಾರೆ. ನೀಲಿಮಲೆ ಹತ್ತುವಾಗ ಏದುಸಿರು ಬರುತ್ತಿರುತ್ತದೆ. ಇನ್ನೆಷ್ಟು ದೂರ ಎಂದು ಲೆಕ್ಕ ಹಾಕುತ್ತಾ ನಡೆದವನಿಗೆ ಕಾಲು ಸೋಲುತ್ತದೆ. ಒಂದು ಹೆಜ್ಜೆಗೆ ಒಂದು ಶರಣು ಎಂದು ನಡೆದವನು ಗೊತ್ತಾಗುವ ಮೊದಲೇ ಶರಂಗುತ್ತಿಯಲ್ಲಿರುತ್ತಾನೆ. ಮಲೆಗೆ ಹೋಗಿಬಂದ ಯಾರನ್ನಾದರೂ ಕೇಳಿ, ಹೌದು ಎನ್ನುತ್ತಾರೆ.

ಯಾರವನು ಎಂದು ಕೇಳುವ ಮೊದಲು

ಎರಡನೆಯ ಪಾಠ ಇನ್ನೂ ಕಷ್ಟದ್ದು. ಏಟು ಬಿದ್ದಾಗ ಏನು ಮಾಡಬೇಕು?

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಈ ಕಥೆ ಓದಿ ಯಾರೂ ಯಾರಿಗೂ ಹೊಡೆಯಲು ಹೋಗಬೇಡಿ. ಪರಮಹಂಸರ ಸ್ಥಿತಿ ಪರಮಹಂಸರಿಗೆ. ನಮ್ಮ ಪಾಲಿಗೆ ಬಂದಿರುವುದು ರಾಣಿಯ ಪಾತ್ರ.

ಯಾರಾದರೂ ನಮ್ಮ ತಪ್ಪು ತೋರಿಸಿದ ತಕ್ಷಣ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ಯಾವುದು? "ಹೇಳೋಕೆ ಇವನ್ಯಾರು?" ನಿನ್ನೆ ಮೊನ್ನೆ ಮಾಲೆ ಹಾಕಿದವನು ನನಗೆ ಹೇಳ್ತಾನಾ? ತನ್ನ ಮನೆ ನೆಟ್ಟಗಿಟ್ಟುಕೊಳ್ಳಲಿ ಮೊದಲು. ಇದು ಅಹಂಕಾರದ ಪ್ರಶ್ನೆ. ರಾಣಿ ಕೇಳಿಕೊಂಡದ್ದು ಬೇರೆ ಪ್ರಶ್ನೆ: "ಹೇಳಿದ್ದು ನಿಜವೇ?" ಈ ಎರಡು ಪ್ರಶ್ನೆಗಳ ನಡುವೆ ಇರುವ ದೂರವೇ ನಾವು 41 ದಿನದಲ್ಲಿ ನಡೆಯಬೇಕಾದ ದಾರಿ.

ಹಾಗೆಂದು ಗುರು ಎಂಬ ಹೆಸರಿನಲ್ಲಿ ಯಾರೋ ಬೈದರೆ, ಹಣ ಕಿತ್ತರೆ, ಕೀಳಾಗಿ ನಡೆಸಿಕೊಂಡರೆ ತಲೆ ತಗ್ಗಿಸುವುದು ಅಹಂಕಾರ ಬಿಡುವುದಲ್ಲ. ಬೆಸ್ತರಿಗೆ ಅನ್ಯಾಯವಾದಾಗ ಇದೇ ರಾಣಿ ತಲೆ ತಗ್ಗಿಸಲಿಲ್ಲ, ನದಿಗೇ ಸರಪಳಿ ಹಾಕಿಸಿದಳು. ಸುಳ್ಳಿನ ಮುಂದೆ, ಅನ್ಯಾಯದ ಮುಂದೆ ಎದ್ದು ನಿಲ್ಲಬೇಕು. ಸತ್ಯದ ಮುಂದೆ ಕೂರಬೇಕು. ಯಾವುದು ಯಾವುದು ಎಂದು ತಿಳಿಯಲು ಒಳಗೆ ನೋಡಿಕೊಳ್ಳುವ ಒಂದು ಕ್ಷಣದ ಬಿಡುವು ಬೇಕು. ಅಹಂಕಾರ ಆ ಬಿಡುವನ್ನೇ ಕೊಡುವುದಿಲ್ಲ, ತಕ್ಷಣ ಬಾಯಿ ತೆರೆಸುತ್ತದೆ.

ನಮ್ಮ ಮಣಿಕಂಠ ಸ್ವಾಮಿಯ ಕಥೆಯನ್ನೇ ನೆನೆಯಿರಿ. ಪಂದಳದ ರಾಣಿಗೆ ತಲೆನೋವು ಎಂಬುದು ನಾಟಕ, ಹುಲಿಯ ಹಾಲು ಎಂಬುದು ನೆಪ ಎಂದು ಸ್ವಾಮಿಗೆ ಗೊತ್ತಿರಲಿಲ್ಲವೇ? ಆದರೂ ಅರಮನೆಯಲ್ಲಿ ನಿಂತು ವಾದ ಮಾಡಲಿಲ್ಲ. ಕಾಡಿಗೆ ಹೊರಟರು. ಹುಲಿಗಳೊಂದಿಗೆ ತಿರುಗಿ ಬಂದ ಮೇಲೂ ಪಟ್ಟ ಕೇಳಲಿಲ್ಲ, ತಮ್ಮನಿಗೆ ಬಿಟ್ಟು ಮಲೆಯ ಮೇಲೆ ಕುಳಿತರು. ಸಿಂಹಾಸನ ಬಿಟ್ಟವನ ಮುಂದೆ ನಿಂತು ನಾವು "ನಂದು ಎಷ್ಟನೇ ವರ್ಷ" ಎಂದು ಲೆಕ್ಕ ಕೊಡುತ್ತೇವೆ!

ಹೋಗದಿದ್ದರೆ ದಾಸನಾಗಿರಲಿ

"ಸ್ವಾಮಿ, ಎಷ್ಟು ಪ್ರಯತ್ನಪಟ್ಟರೂ ನಾನು ಎಂಬುದು ಹೋಗುವುದಿಲ್ಲವಲ್ಲ" ಎಂದು ಕೇಳುವವರಿದ್ದಾರೆ. ಇದಕ್ಕೆ ಶ್ರೀರಾಮಕೃಷ್ಣರೇ ಬಹಳ ಸಮಾಧಾನದ ಉತ್ತರ ಕೊಟ್ಟಿದ್ದಾರೆ. ಅಹಂ ಪೂರ್ತಿ ಹೋಗುವುದು ಬಹಳ ಅಪರೂಪ. ಹೋಗಲೇ ಒಲ್ಲದಿದ್ದರೆ ಇರಲಿ, ಆದರೆ ದೇವರ ದಾಸನಾಗಿ ಇರಲಿ ಎಂಬುದು ಅವರ ಉಪದೇಶದ ಸಾರ. ಅವರು ಎರಡು ಬಗೆಯ "ನಾನು" ಎಂದು ವಿಂಗಡಿಸುತ್ತಿದ್ದರು. ನಾನು ಪಂಡಿತ, ನಾನು ಸಿರಿವಂತ, ನನ್ನಂಥವರಿಲ್ಲ ಎನ್ನುವುದು ಹಸಿ ನಾನು. ನಾನು ಅವನ ಸೇವಕ, ಅವನ ಮಗು ಎನ್ನುವುದು ಮಾಗಿದ ನಾನು. ಹಸಿ ಕಾಯಿಗೆ ಸೊನೆ ಇರುತ್ತದೆ, ಮುಟ್ಟಿದವರ ಕೈ ಸುಡುತ್ತದೆ. ಹಣ್ಣಾದರೆ ಅದೇ ಕಾಯಿ ಸಿಹಿ.

ಅವರು ಹೇಳುತ್ತಿದ್ದ ಕರುವಿನ ದೃಷ್ಟಾಂತವೂ ಇದೆ. ಕರು "ಹಂಬಾ" ಎನ್ನುತ್ತದೆ. ಆ ಕಡೆಯ ಭಾಷೆಯಲ್ಲಿ ಅದು "ನಾನು, ನಾನು" ಎಂದು ಕೇಳುತ್ತದೆ. ಅದಕ್ಕೇ ಅದರ ಪಾಡು ಮುಗಿಯುವುದಿಲ್ಲ. ನೊಗ ಹೊರಬೇಕು, ಪೆಟ್ಟು ತಿನ್ನಬೇಕು, ಸತ್ತ ಮೇಲೂ ಚರ್ಮ ಚಪ್ಪಲಿಯಾಗುತ್ತದೆ, ಡೋಲಿಗೆ ಹೋಗುತ್ತದೆ. ಕೊನೆಗೆ ಅದರ ಕರುಳು ಹತ್ತಿ ಹಿಂಜುವವನ ಬಿಲ್ಲಿಗೆ ನಾರಿಯಾದಾಗ "ತುಹು, ತುಹು" ಎಂದು ನುಡಿಯುತ್ತದೆ. ತುಹು ಎಂದರೆ ನೀನು. "ನೀನು, ನೀನು" ಎಂದ ಮೇಲೆಯೇ ಅದಕ್ಕೆ ಬಿಡುಗಡೆ.

ಸ್ವಾಮಿಗಳೇ, ನಮ್ಮ ವ್ರತ ಮೊದಲ ದಿನದಿಂದಲೇ ನಮಗೆ ಆ "ನೀನು" ಎಂಬುದನ್ನು ಕಲಿಸುತ್ತಿದೆ. ಮಾಲೆ ಬಿದ್ದ ಗಳಿಗೆಯಿಂದ ನಮ್ಮ ಹೆಸರು ಹೋಗಿ ಎಲ್ಲರೂ "ಸ್ವಾಮಿ" ಆಗುತ್ತೇವೆ. ಮ್ಯಾನೇಜರೂ ಸ್ವಾಮಿ, ಆಟೊ ಓಡಿಸುವವನೂ ಸ್ವಾಮಿ, ಎಂಟು ವರ್ಷದ ಮಗುವೂ ಸ್ವಾಮಿ. ಮೇಲೆ ಹೋದರೆ ಸನ್ನಿಧಾನದಲ್ಲಿ "ತತ್ತ್ವಮಸಿ" ಎಂದು ಬರೆದಿದೆ, ಅದೇ ನೀನು ಎಂದು. ಈ ಮಾತನ್ನು "ನಾನೇ ದೇವರು" ಎಂದು ಎದೆಯುಬ್ಬಿಸಲು ಬಳಸಿದರೆ ಹಸಿ ನಾನು. ಎದುರಿಗಿರುವವನಲ್ಲೂ ಅವನೇ ಇದ್ದಾನೆ ಎಂದು ಕೈಮುಗಿಯಲು ಬಳಸಿದರೆ ಮಾಗಿದ ನಾನು.

ಶ್ರೀರಾಮಕೃಷ್ಣರು ಇದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ. ಬ್ರಾಹ್ಮಣನೆಂಬ ಅಭಿಮಾನ ತನ್ನಿಂದ ಹೋಗಲೆಂದು, ಆ ಕಾಲದಲ್ಲಿ ಅಸ್ಪೃಶ್ಯರೆಂದು ದೂರವಿಟ್ಟಿದ್ದವರ ಮನೆಗೆ ರಾತ್ರಿ ಯಾರಿಗೂ ತಿಳಿಯದಂತೆ ಹೋಗಿ, ಹೊಲಸಿನ ಜಾಗವನ್ನು ಶುಚಿ ಮಾಡಿ, ತಮ್ಮ ತಲೆಗೂದಲಿನಿಂದ ಒರೆಸಿದರು. ರಾತ್ರಿ, ಯಾರಿಗೂ ತಿಳಿಯದಂತೆ ಎಂಬುದನ್ನು ಗಮನಿಸಿ. ಅನ್ನದಾನದಲ್ಲಿ ಒಂದು ಸೌಟು ಸಾಂಬಾರು ಬಡಿಸುವಾಗಲೂ ನಮಗೆ ಫೋಟೊ ಬೇಕು.

ಕೆಲಸವಿಲ್ಲದ ಹುಡುಗ ದೇವಿಯ ಮುಂದೆ

ನಿಮ್ಮಲ್ಲಿ ಅನೇಕರು ಕೆಲಸ ಹುಡುಕುತ್ತಿದ್ದೀರಿ, ಮನೆಯ ಸಾಲ ತಲೆಯ ಮೇಲಿದೆ. ಈ ಕ್ಷಣದಲ್ಲಿರಿ ಎಂದರೆ ಹೊಟ್ಟೆಪಾಡಿನ ಚಿಂತೆ ಬಿಡುವುದು ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೂ ಅದೇ ಗುಡಿಯಲ್ಲಿ ಉತ್ತರವಿದೆ.

1884ರ ಫೆಬ್ರವರಿಯಲ್ಲಿ ಕೋಲ್ಕತ್ತದ ನರೇಂದ್ರ ಎಂಬ ಹುಡುಗನ ತಂದೆ ಹಠಾತ್ತನೆ ತೀರಿಕೊಂಡರು. ಹುಡುಗನಿಗೆ 21 ವರ್ಷ. ಮನೆಯಲ್ಲಿ ತಾಯಿ, ತಮ್ಮಂದಿರು. ಸಾಲಗಾರರು ಬಾಗಿಲಿಗೆ ಬಂದರು, ನೆಂಟರು ಮನೆಯ ಆಸ್ತಿಗೆ ಮೊಕದ್ದಮೆ ಹೂಡಿದರು. ಬರಿಗಾಲಲ್ಲಿ ಕಚೇರಿಯಿಂದ ಕಚೇರಿಗೆ ಅಲೆದರೂ ಕೆಲಸ ಸಿಗಲಿಲ್ಲ. ಮನೆಯಲ್ಲಿ ಇರುವ ಅನ್ನ ಉಳಿದವರಿಗೆ ಆಗಲೆಂದು, ಹೊರಗೆ ಊಟಕ್ಕೆ ಕರೆದಿದ್ದಾರೆ ಎಂದು ಹೇಳಿ ಹಸಿದೇ ಹೊರಡುತ್ತಿದ್ದ ದಿನಗಳಿದ್ದವು. ನಮ್ಮ ಮನೆಯ ಕಷ್ಟ ಪರಿಹಾರವಾಗಲೆಂದು ದೇವಿಗೆ ಹೇಳಿ ಎಂದು ಗುರುವಿನ ಬಳಿ ಬಂದು ಕೇಳಿದ. ನೀನೇ ಹೋಗಿ ಕೇಳು ಎಂದು ಗುರು ಕಳಿಸಿದರು.

ಹುಡುಗ ಗುಡಿಯೊಳಗೆ ಹೋದ. ದೇವಿಯನ್ನು ಕಂಡ. ಹಣದ ಮಾತು ಮರೆತೇಹೋಯಿತು. ವಿವೇಕ, ವೈರಾಗ್ಯ, ಜ್ಞಾನ, ಭಕ್ತಿ ಕೊಡು ಎಂದು ಕೇಳಿ ಬಂದ. ಮತ್ತೆ ಕಳಿಸಿದರು, ಮತ್ತೆ ಅದೇ. ಮೂರನೇ ಸಲ ಹಣದ ನೆನಪೇನೋ ಬಂತು, ಆದರೆ ಇಷ್ಟು ದೊಡ್ಡವಳ ಮುಂದೆ ಇಷ್ಟು ಚಿಕ್ಕದನ್ನು ಕೇಳುವುದೇ ಎಂದು ನಾಚಿಕೆಯಾಯಿತು. ಆ ಹುಡುಗನೇ ಸ್ವಾಮಿ ವಿವೇಕಾನಂದ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವನ ಮನೆಯವರಿಗೆ ಸಾದಾ ಅನ್ನ, ಸಾದಾ ಬಟ್ಟೆಗೆ ಎಂದೂ ಕೊರತೆಯಾಗದು ಎಂದು ಗುರು ಹರಸಿದರು. ಹಸಿವನ್ನು ದೇವರು ತಳ್ಳಿಹಾಕಲಿಲ್ಲ. ಆ ಹುಡುಗ ಅದರ ನಂತರವೂ ಕೆಲಸ ಮಾಡಿದ, ಮನೆಯ ಮೊಕದ್ದಮೆಯನ್ನೂ ನೋಡಿಕೊಂಡ. ಚಿಂತೆಗೆ ಅದರದೇ ಹೊತ್ತಿದೆ. ಕೋರ್ಟಿಗೆ ಹೋದಾಗ ಕೋರ್ಟಿನ ಕೆಲಸ, ಇಂಟರ್‌ವ್ಯೂನಲ್ಲಿ ಇಂಟರ್‌ವ್ಯೂ. ದೇವರ ಮುಂದೆ ನಿಂತಾಗ ಮಾತ್ರ ಪೂರ್ತಿಯಾಗಿ ಅಲ್ಲಿರಿ.

ಸನ್ನಿಧಾನದಲ್ಲಿ ನಮಗೆ ಸಿಗುವುದು ಕೆಲವೇ ಸೆಕೆಂಡು. 41 ದಿನ ವ್ರತ, ಗಂಟೆಗಟ್ಟಲೆ ಸಾಲು, ಕೊನೆಗೆ ಕೆಲವು ಸೆಕೆಂಡು. ಆಗ ನೂಕುನುಗ್ಗಲನ್ನು ಬೈಯುತ್ತಾ, ಪಟ್ಟಿ ನೆನಪಿಸಿಕೊಳ್ಳುತ್ತಾ ನಿಂತರೆ ಸ್ವಾಮಿಯ ಮುಖವೇ ಕಾಣುವುದಿಲ್ಲ. ಮನೆಯ ದೇವರಕೋಣೆಯಲ್ಲಿ ದಿನವೂ ಅಭ್ಯಾಸ ಮಾಡಿದವನಿಗೆ ಆ ಸೆಕೆಂಡುಗಳು ಸಾಕಾಗುತ್ತವೆ.

ಒಂದೇ ಏಟಿಗೆ ಹೋಗುವುದಿಲ್ಲ

ರಾಣಿ ರಾಸಮಣಿಯ ಕಥೆಯ ಕೊನೆಯನ್ನೂ ಹೇಳಿಬಿಡಬೇಕು. 1861ರ ಫೆಬ್ರವರಿಯಲ್ಲಿ ಆಕೆ ಹಾಸಿಗೆ ಹಿಡಿದಳು. ದೇವಾಲಯದ ಖರ್ಚಿಗೆಂದು ಜಮೀನನ್ನು ದೇವಿಯ ಹೆಸರಿಗೆ ಬರೆದುಕೊಡುವ ಪತ್ರಕ್ಕೆ ಸಹಿ ಹಾಕಿದಳು. ಆದರೆ ಒಬ್ಬ ಮಗಳು ಒಪ್ಪಿಗೆಯ ಸಹಿ ಹಾಕಲಿಲ್ಲ. ಮುಂದೇನಾಗುವುದೋ ಎಂಬ ಅದೇ ಆಸ್ತಿಯ ಚಿಂತೆ ಸಾಯುವ ಹೊತ್ತಿನಲ್ಲೂ ಆಕೆಯನ್ನು ಕಾಡಿತು. ಅಂಥ ಭಕ್ತೆಗೆ, ಅಂಥ ಗುರುವಿನ ಏಟು ತಿಂದವಳಿಗೆ!

ಇದನ್ನು ಕೇಳಿ ನಿರಾಶೆಯಾಗಬೇಡಿ. ಇದು ನಮಗೆಲ್ಲ ಧೈರ್ಯ ಕೊಡುವ ಸಂಗತಿ. ಮನಸ್ಸು ಜಾರುವುದು ಪಾಪವಲ್ಲ, ಅದರ ಸ್ವಭಾವ. ಜಾರಿದಾಗಲೆಲ್ಲ ಮತ್ತೆ ಕರೆತರುವುದು ಭಕ್ತಿ. ಕೊನೆಯ ಗಳಿಗೆಯಲ್ಲಿ ಆಕೆಯನ್ನು ಗಂಗೆಯ ದಡಕ್ಕೆ ತಂದಿದ್ದರು. ಸುತ್ತ ದೀಪಗಳು ಉರಿಯುತ್ತಿದ್ದವು. ಈ ದೀಪಗಳನ್ನು ತೆಗೆಯಿರಿ, ತಾಯಿ ಬಂದಿದ್ದಾಳೆ, ಅವಳ ಬೆಳಕು ತುಂಬಿದೆ ಎಂಬರ್ಥದ ಮಾತಾಡಿ ಕಣ್ಣು ಮುಚ್ಚಿದಳಂತೆ. ಚಿಂತೆ ಕೊನೆಯವರೆಗೂ ಬಂತು. ಆದರೆ ಕೊನೆಯ ಮಾತು ಚಿಂತೆಯದಾಗಿರಲಿಲ್ಲ.

ಈ ನೆಲದ ಜೊತೆ ಕನ್ನಡಕ್ಕೂ ನಂಟಿದೆ. ಗಂಗೆಯ ಆಚೆ ದಡದಲ್ಲಿ ಬೇಲೂರು ಮಠವಿದೆ. ನಮ್ಮ ಹಾಸನದ ಬೇಲೂರಲ್ಲ, ಬಂಗಾಳದ ಬೇಲೂರು. 1929ರಲ್ಲಿ ನಮ್ಮ ಕುವೆಂಪು ಅಲ್ಲಿಗೆ ಹೋಗಿ, ಶ್ರೀರಾಮಕೃಷ್ಣರ ನೇರ ಶಿಷ್ಯರಾದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಆಗ ಅವರಿಗೆ 24 ವರ್ಷ, ನಿಮ್ಮದೇ ವಯಸ್ಸು. ಮುಂದೆ ಪರಮಹಂಸರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದುಕೊಟ್ಟರು. ಕೋಲ್ಕತ್ತದಲ್ಲಿರುವ ಸ್ವಾಮಿಗಳು ಒಂದು ಭಾನುವಾರ ಹೋಗಿಬನ್ನಿ. ಗುಡಿಯ ಅಂಗಳದ ವಾಯವ್ಯ ಮೂಲೆಯಲ್ಲಿ ಪರಮಹಂಸರು ಇದ್ದ ಕೋಣೆಯಿದೆ. ಅಲ್ಲಿ ಐದು ನಿಮಿಷ ಫೋನ್ ತೆಗೆಯದೆ ಸುಮ್ಮನೆ ಕೂರಿ.

ಈ ವಾರದ ಅಭ್ಯಾಸ

ಉಳಿದ ದಿನಗಳಿಗೆ ಮೂರೇ ಮೂರು ಅಭ್ಯಾಸ ಇಟ್ಟುಕೊಳ್ಳೋಣ.

ಒಂದು, ಶರಣುಘೋಷ ಹೇಳುವಾಗ ಮನಸ್ಸು ಓಡಿದ್ದು ಗೊತ್ತಾದರೆ, "ಇಲ್ಲಿಯೂ ಅದೇ ಯೋಚನೆಯೇ?" ಎಂದು ನಿಮ್ಮನ್ನು ನೀವೇ ಮೆಲ್ಲಗೆ ಕೇಳಿ, ಮುಂದಿನ ಶರಣಿಗೆ ವಾಪಸ್ ಬನ್ನಿ. ಬೈದುಕೊಳ್ಳಬೇಡಿ. ಎಷ್ಟು ಸಲ ಓಡಿತು ಎಂದು ಎಣಿಸಬೇಡಿ, ಅದೂ ಒಂದು ಲೆಕ್ಕವೇ.

ಎರಡು, ದಿನಕ್ಕೆ ಒಂದು ಸೇವೆ ಯಾರಿಗೂ ತಿಳಿಯದಂತೆ ಮಾಡಿ. ಪೀಠದ ಮುಂದಿನ ಜಾಗ ಒರೆಸುವುದೋ, ಊಟದ ಎಲೆ ತೆಗೆಯುವುದೋ, ಹೊರಗೆ ಬಿಟ್ಟ ಚಪ್ಪಲಿಗಳನ್ನು ಜೋಡಿಸುವುದೋ. ಫೋಟೊ ಬೇಡ, ಗುಂಪಿನಲ್ಲಿ ಹೇಳುವುದೂ ಬೇಡ.

ಮೂರು, ಮನೆಯಲ್ಲಿ ಯಾರಾದರೂ ತಪ್ಪು ತೋರಿಸಿದರೆ ಉತ್ತರ ಕೊಡುವ ಮೊದಲು ಒಂದು ಶರಣು ಹೇಳುವಷ್ಟು ಹೊತ್ತು ಸುಮ್ಮನಿರಿ. ಆ ಹೊತ್ತಿನಲ್ಲಿ "ಹೇಳಿದ್ದು ನಿಜವೇ?" ಎಂದು ಮಾತ್ರ ನೋಡಿಕೊಳ್ಳಿ. ಬೆಳಗ್ಗೆ ನಾಲ್ಕಕ್ಕೆ ಎದ್ದ ಅಮ್ಮನಿಗೆ, ಹೆಂಡತಿಗೆ, ಅಕ್ಕನಿಗೆ ನಾಳೆ "ಶರಣು ಮಾತಾಜಿ" ಎಂದು ಕೈಮುಗಿದು ಊಟಕ್ಕೆ ಕೂರಿ. ಯಾರದೋ ನಿದ್ದೆಯ ಮೇಲೆ ನಿಂತಿರುವ ವ್ರತ ಇದು, ಒಬ್ಬನ ಸಾಧನೆಯಲ್ಲ.

ಹದಿನೆಂಟು ಮೆಟ್ಟಿಲುಗಳಿಗೆ ಹಿರಿಯರು ಅರ್ಥ ಹೇಳುವಾಗ ಐದು ಇಂದ್ರಿಯಗಳು, ಎಂಟು ರಾಗಗಳು, ಮೂರು ಗುಣಗಳು, ವಿದ್ಯೆ, ಅವಿದ್ಯೆ ಎನ್ನುತ್ತಾರೆ. ಆ ಎಂಟರಲ್ಲಿ ಮದವೂ ಇದೆ, ದಂಭವೂ ಇದೆ. ಅವುಗಳನ್ನು ತುಳಿದೇ ಮೇಲಕ್ಕೆ ಹೋಗಬೇಕು. ಇರುಮುಡಿಯಲ್ಲಿ ಹೊತ್ತೊಯ್ಯುವ ತೆಂಗಿನಕಾಯಿಯನ್ನೇ ನೋಡಿ. ಒಳಗಿನ ನೀರನ್ನೆಲ್ಲ ತೆಗೆದ ಮೇಲೆಯೇ ತುಪ್ಪ ತುಂಬುತ್ತಾರೆ. ಸನ್ನಿಧಾನದಲ್ಲಿ ತುಪ್ಪ ಸ್ವಾಮಿಯ ಅಭಿಷೇಕಕ್ಕೆ, ಚಿಪ್ಪು ಆಳಿಯ ಬೆಂಕಿಗೆ. ನಮ್ಮೊಳಗಿನ ನೀರು ಖಾಲಿಯಾಗದೆ ತುಪ್ಪಕ್ಕೆ ಜಾಗವೆಲ್ಲಿ?

ಇರುಮುಡಿ ಕಟ್ಟುವ ದಿನ ಬರುವಷ್ಟರಲ್ಲಿ ನಮ್ಮ ತಲೆಯೊಳಗಿನ ಕೋರ್ಟಿನ ಒಂದಾದರೂ ಮೊಕದ್ದಮೆಯನ್ನು ನಾವೇ ವಾಪಸ್ ಪಡೆಯೋಣ. ಆ ಶಕ್ತಿಯನ್ನು ಹರಿಹರಸುತನು ನಮ್ಮೆಲ್ಲರಿಗೂ ಕೊಡಲಿ.

ಸ್ವಾಮಿಯೇ ಶರಣಂ ಅಯ್ಯಪ್ಪ.